ತಾಮ್ರಪಟದ ಆ ಬದಿ

ನಾನು ಒಂದು ಚಿಕ್ಕ ಮ್ಯೂಸಿಯಂನಲ್ಲಿ ಪ್ರದರ್ಶನದ ಕೆಲಸ ನೋಡಿಕೊಳ್ಳುತ್ತೇನೆ. ಯಾವ ವಸ್ತು ಯಾವ ಶೋಕೇಸಿನಲ್ಲಿರಬೇಕು, ಎಷ್ಟು ಎತ್ತರದಲ್ಲಿ, ಲೇಬಲ್‌ನಲ್ಲಿ ಏನು ಬರೆಯಬೇಕು ಅನ್ನೋದೇ ದಿನದ ಯೋಚನೆ. ಹೋದ ಚಳಿಗಾಲದಲ್ಲಿ ಧಾರವಾಡದಿಂದ ಇಬ್ಬರು ಕಾಲೇಜು ಗೆಳತಿಯರು ಬೆಂಗಳೂರಿಗೆ ಬಂದರು. ಮೂವರೂ ರಾತ್ರಿ ರೈಲು ಹತ್ತಿ ಎರಡು ದಿನ ಹೈದರಾಬಾದಿಗೆ ಹೋಗಿಬಂದೆವು. ಮೊದಲ ದಿನ ಚಾರ್ಮಿನಾರ್, ಲಾಡ್ ಬಜಾರಿನ ಬಳೆ, ಇರಾನಿ ಚಹಾ. ಸಾಲಾರ್ ಜಂಗ್ ಮ್ಯೂಸಿಯಂಗೆ ಶುಕ್ರವಾರ ರಜೆ, ಹಾಗಾಗಿ ಅದನ್ನು ಶನಿವಾರಕ್ಕೆ ಇಟ್ಟುಕೊಂಡಿದ್ದೆ.

ಮೊದಲ ಅರ್ಧ ಗಂಟೆ ನಾನೇ ಗೈಡ್ ಆದೆ. ಒಂದು ಕಾಲಕ್ಕೆ ನಿಜಾಮರ ದಿವಾನರಾಗಿದ್ದ ಮೂರನೇ ಸಾಲಾರ್ ಜಂಗ್ 1949ರಲ್ಲಿ ತೀರಿಕೊಂಡರು, 1951ರಲ್ಲಿ ಅವರ ಮನೆ ದಿವಾನ್ ದೇವಡಿಯಲ್ಲೇ ಮ್ಯೂಸಿಯಂ ಶುರುವಾಯಿತು, 1968ರಲ್ಲಿ ಮೂಸಿ ನದಿ ದಂಡೆಯ ಈ ಕಟ್ಟಡಕ್ಕೆ ಬಂತು ಅಂತೆಲ್ಲ ಹೇಳಿದೆ. ಇಬ್ಬರೂ ಹೂಂಗುಟ್ಟಿದರು, ಕಣ್ಣು ಮಾತ್ರ ಬೇರೆಲ್ಲೋ ಇತ್ತು.

ಅಷ್ಟರಲ್ಲಿ ಒಬ್ಬಳು ಮುಂದೆ ಹೋಗಿ ಕೂಗಿದಳು: "ಏ, ಬಾ ಇಲ್ಲೆ! ಹಿಂದ ಇನ್ನೊಬ್ಬಾಕಿ ಅದಾಳ ನೋಡು!"

ಅದು ಆ ಹೆಸರಾದ ಮರದ ಶಿಲ್ಪ. ಒಂದೇ ದಿಮ್ಮಿಯಲ್ಲಿ ಎರಡು ಮೂರ್ತಿ. ಮುಂದೆ ಎದೆಯೆತ್ತಿ ನಿಂತ ಮೆಫಿಸ್ಟೊಫಿಲಿಸ್, ಬೆನ್ನಿನ ಕಡೆ ತಲೆ ತಗ್ಗಿಸಿದ ಮಾರ್ಗರೆಟಾ. ಇಬ್ಬರೂ ಜರ್ಮನ್ ಕವಿ ಗಯಟೆಯ 'ಫೌಸ್ಟ್' ನಾಟಕದ ಪಾತ್ರಗಳು, ಅವನು ಸೈತಾನ, ಅವಳು ಮುಗ್ಧ ಹುಡುಗಿ. ಹಿಂದೆ ಒಂದು ಕನ್ನಡಿ ಇಟ್ಟಿದ್ದಾರೆ, ಅಷ್ಟೇ. ಆ ನಾಟಕದ ಗಂಧಗಾಳಿ ಇಲ್ಲದ ನನ್ನ ಗೆಳತಿ ಶಿಲ್ಪದ ಗುಟ್ಟನ್ನು ತಾನೇ ಕಂಡುಹಿಡಿದಿದ್ದಳು. ಆಮೇಲೆ ಅವಳೇ ಕಥೆ ಕೇಳಿದಳು. ನಾನು ಹೇಳಿದ್ದನ್ನು ಆಗ ಪೂರ್ತಿ ಕೇಳಿಸಿಕೊಂಡಳು.

ಮಧ್ಯಾಹ್ನ 12ಕ್ಕೆ ಅಲ್ಲಿನ ಹೆಸರಾದ ಗಡಿಯಾರದ ಮುಂದೆ ಜನರ ಜೊತೆ ಕೂತೆವು. ಪುಟ್ಟ ಗೊಂಬೆ ಹೊರಗೆ ಬಂದು ಹನ್ನೆರಡು ಸಲ ಗಂಟೆ ಬಾರಿಸಿತು. ಮಕ್ಕಳು, ಮುದುಕರು ಎಲ್ಲರೂ ಒಟ್ಟಿಗೆ ಎಣಿಸಿದರು. ನಮ್ಮ ಮ್ಯೂಸಿಯಂನಲ್ಲಿ ಕೂರೋಕೆ ಒಂದು ಬೆಂಚೂ ಇಲ್ಲವಲ್ಲ ಅಂತ ಬೇಜಾರಾಯಿತು. ವಾಪಸ್ ಬಂದ ಮೇಲೆ ಕೇಳಿದೆ, ಎರಡು ಸಿಕ್ಕವು.

ನನ್ನ ತಲೆಯಲ್ಲಿ ಕೂತಿದ್ದು ಮಾತ್ರ ಆ ಕನ್ನಡಿ. ನಮ್ಮಲ್ಲಿ ಮೂರು ತಗಡುಗಳ ಒಂದು ತಾಮ್ರಪಟ, ಅಂದರೆ ತಾಮ್ರದ ತಗಡಿನ ಮೇಲೆ ಕೊರೆದ ಶಾಸನ ಇದೆ, ಕಡಗ ಮತ್ತು ಮುದ್ರೆ ಸಮೇತ. ಇಂಥವುಗಳಲ್ಲಿ ಮೊದಲ ಮತ್ತು ಕೊನೆಯ ತಗಡಿನ ಹೊರಮೈಯನ್ನು ಸಾಮಾನ್ಯವಾಗಿ ಖಾಲಿ ಬಿಡುತ್ತಿದ್ದರು, ಉಜ್ಜಿ ಅಕ್ಷರ ಸವೆಯದಿರಲಿ ಅಂತ. ನಡುವಿನ ತಗಡಿಗೆ ಎರಡೂ ಕಡೆ ಬರಹ. ನಾವು ಆ ನಡುವಿನ ತಗಡನ್ನು ಬಟ್ಟೆಯ ಮೇಲೆ ಮಲಗಿಸಿ, "ಎರಡೂ ಬದಿಯಲ್ಲಿ ಬರಹವಿದೆ" ಎಂದು ಬರೆದು ಸುಮ್ಮನಿದ್ದೆವು. ಅದನ್ನು ಓದಿ ಯಾರೂ ಅಲ್ಲಿ ಒಂದು ಕ್ಷಣ ಜಾಸ್ತಿ ನಿಂತಿದ್ದನ್ನು ನಾನು ನೋಡಿಲ್ಲ.

ತಗಡನ್ನು ಅಕ್ರಿಲಿಕ್ ಆಸರೆಯ ಮೇಲೆ ಎತ್ತಿ, ಕೆಳಗೆ ಕನ್ನಡಿ ಇಟ್ಟೆವು. ಮೊದಲು ದೀಪ ಕಣ್ಣಿಗೆ ಹೊಡೆಯಿತು, ಅದನ್ನು ಪಕ್ಕಕ್ಕೆ ಸರಿಸಿದೆವು. ಆಮೇಲೆ ಶಾಸನ ಓದಬಲ್ಲ ಸಹೋದ್ಯೋಗಿ ಬಗ್ಗಿ ನೋಡಿ, "ಮೇಡಂ, ಅಕ್ಷರವೆಲ್ಲ ತಿರುಗಾಮುರುಗಾ ಕಾಣ್ತಿದೆ" ಎಂದರು. ನಿಜ. ಶಿಲ್ಪ ಎಡಬಲ ಬದಲಾದರೂ ನೋಡಲು ಅಡ್ಡಿಯಿಲ್ಲ, ಬರಹ ಹಾಗಲ್ಲ ಅಲ್ವಾ? ಇದು ನನಗೆ ಹೊಳೆದೇ ಇರಲಿಲ್ಲ. ಕನ್ನಡಿಯನ್ನು ತೆಗೆಯಲು ಮನಸ್ಸು ಬರಲಿಲ್ಲ. ಅದರ ಪಕ್ಕದಲ್ಲೇ ಆ ಬದಿಯ ಪಡಿಯಚ್ಚನ್ನು (ಶಾಸನದ ಮೇಲೆ ಒತ್ತಿ ತೆಗೆದ ನಕಲನ್ನು) ನೆಟ್ಟಗೆ ನಿಲ್ಲಿಸಿದೆವು, ಕೆಳಗೆ ಅದೇ ಸಾಲುಗಳು ಈಗಿನ ಕನ್ನಡ ಲಿಪಿಯಲ್ಲಿ.

ಮೊನ್ನೆ ಶಾಲೆಯ ಹುಡುಗಿಯೊಬ್ಬಳು ಕನ್ನಡಿ ನೋಡಿ, ಪಡಿಯಚ್ಚು ನೋಡಿ, ಮತ್ತೆ ಕನ್ನಡಿಗೆ ಬಗ್ಗಿದಳು. ಒಂದು 'ನ' ಸಿಕ್ಕಿತು ಅಂತ ಟೀಚರನ್ನು ಕರೆದಳು.