ತಿರುವಣ್ಣಾಮಲೈಗೆ ಹೋಗುವುದಾದರೆ ಅವಸರ ಬೇಡ

ತಿರುವಣ್ಣಾಮಲೈಗೆ ಎಷ್ಟು ದಿನ ಬೇಕು ಅಂತ ಕೇಳುವವರು ಬಹಳ. ಅರುಣಾಚಲೇಶ್ವರ ದೇವಸ್ಥಾನ, ಅರುಣಾಚಲ ಬೆಟ್ಟವನ್ನು ಸುತ್ತುವ ಗಿರಿ ಪ್ರದಕ್ಷಿಣೆ, ರಮಣ ಮಹರ್ಷಿಗಳ ರಮಣಾಶ್ರಮ ಇಷ್ಟೇ ಆದರೆ ಒಂದು ರಾತ್ರಿ, ಒಂದು ಹಗಲು ಸಾಕು. ಬೆಂಗಳೂರಿನಿಂದ ಹೊಸೂರು, ಕೃಷ್ಣಗಿರಿ ದಾರಿಯಲ್ಲಿ ಸುಮಾರು 200 ಕಿಲೋಮೀಟರ್. ಶನಿವಾರ ಹೋಗಿ ಭಾನುವಾರ ವಾಪಸ್ ಬರುವವರೇ ಜಾಸ್ತಿ. ಆದರೆ ನೀವು ಜಪವೋ ಧ್ಯಾನವೋ ಹಿಡಿದು, "ಇಷ್ಟು ದಿನ ಆಯ್ತು, ಏನೂ ಆಗ್ತಿಲ್ಲವಲ್ಲ" ಅನ್ನುವ ಬೇಸರದಲ್ಲಿದ್ದರೆ ಮೂರು ದಿನವಾದರೂ ಇಟ್ಟುಕೊಳ್ಳಿ. ನಾನು ಬರೆಯುತ್ತಿರುವುದು ಅಂಥವರಿಗೇ.

ಮೊದಲ ಸಲ ಹೋಗುವವರು ಹುಣ್ಣಿಮೆ ತಪ್ಪಿಸಿ. ಆ ರಾತ್ರಿ ಲಕ್ಷಗಟ್ಟಲೆ ಜನ ಬೆಟ್ಟ ಸುತ್ತುತ್ತಾರೆ. ಆ ಭಕ್ತಿ ನೋಡಲು ಚೆನ್ನ, ಆದರೆ ನಿಮ್ಮ ನಡಿಗೆ ನಿಮ್ಮ ಕೈಯಲ್ಲಿ ಇರುವುದಿಲ್ಲ. ಆಶ್ರಮದಲ್ಲಿ ಉಳಿಯಬೇಕೆಂದರೆ ಬಹಳ ಮುಂಚೆಯೇ ಪತ್ರ ಬರೆದು ಕೇಳಬೇಕು. ಸಿಗದಿದ್ದರೆ ಚಿಂತೆ ಬೇಡ, ಸುತ್ತಮುತ್ತ ಬೇಕಾದಷ್ಟು ವಸತಿ ಇದೆ.

ಈಗ ಮುಖ್ಯ ವಿಷಯ. ಹೆಚ್ಚಿನವರು ಆಶ್ರಮದ ಹಿಂಬಾಗಿಲಿನಿಂದ ಬೆಟ್ಟ ಹತ್ತಿ, ಸ್ಕಂದಾಶ್ರಮ ನೋಡಿ, ವಿರೂಪಾಕ್ಷ ಗುಹೆಗೆ ಇಳಿಯುತ್ತಾರೆ. ನೀವು ಇದನ್ನು ತಿರುಗಿಸಿ. ರಮಣರು ಇದ್ದ ಜಾಗಗಳನ್ನು ಅವರು ಇದ್ದ ಕ್ರಮದಲ್ಲೇ ನೋಡಿ. ದೊಡ್ಡ ದೇವಸ್ಥಾನದಿಂದ ಶುರು ಮಾಡಿ, ಊರಿನ ಕಡೆಯಿಂದ ಗುಹೆಗೆ ಹತ್ತಿ, ಅಲ್ಲಿಂದ ಸ್ಕಂದಾಶ್ರಮ, ಕೊನೆಗೆ ಆಶ್ರಮಕ್ಕೆ ಇಳಿಯಿರಿ.

ದೇವಸ್ಥಾನದ ರಾಜಗೋಪುರ 217 ಅಡಿ, ಹನ್ನೊಂದು ಅಂತಸ್ತು. ಶುರು ಮಾಡಿಸಿದ್ದು ನಮ್ಮ ಕೃಷ್ಣದೇವರಾಯ, ಮುಗಿಸಿದ್ದು ತಂಜಾವೂರಿನ ನಾಯಕರು. ಒಳಗೆ ಸಾವಿರ ಕಂಬದ ಮಂಟಪದ ಕೆಳಗೆ ಪಾತಾಳ ಲಿಂಗವಿದೆ. 1896ರ ಸೆಪ್ಟೆಂಬರ್ 1ರಂದು ಮದುರೆಯಿಂದ ಬಂದ 16 ವರ್ಷದ ಹುಡುಗ, ಅಂದರೆ ಮುಂದೆ ರಮಣ ಮಹರ್ಷಿ ಆದವರು, ಆಮೇಲೆ ಕೂತದ್ದು ಈ ಕತ್ತಲಲ್ಲೇ. ಹುಳಗಳು ತೊಡೆ ಕಚ್ಚಿ ಗಾಯ ಮಾಡಿದರೂ ಅವನಿಗೆ ಗೊತ್ತಾಗಲಿಲ್ಲ. ಮದುರೆಯಲ್ಲಿ ಕೆಲವೇ ನಿಮಿಷಗಳಲ್ಲಿ ಅವನಿಗೆ ಸಾವಿನ ಭಯ ಹೋಗಿ ಆತ್ಮಜ್ಞಾನವಾಯಿತು ಅನ್ನುವುದು ಎಲ್ಲರಿಗೂ ಗೊತ್ತು. ನಾವು ಹಿಡಿದುಕೊಂಡಿರುವುದೂ ಆ ಕೆಲವು ನಿಮಿಷಗಳನ್ನೇ. ನಮಗೂ ಹಾಗೇ ಆಗಲಿ ಅಂತ ಕಾಯುತ್ತೇವೆ. ಮುಂದಿನ ವರ್ಷಗಳನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ.

ಆ ವರ್ಷಗಳು ಬೆಟ್ಟದ ಮೇಲಿವೆ. ವಿರೂಪಾಕ್ಷ ಗುಹೆಯಲ್ಲಿ 1899ರಿಂದ 1916ರವರೆಗೆ, ಅಂದರೆ ಹದಿನೇಳು ವರ್ಷ. ಗುಹೆಯ ಒಳಗೆ ಸೆಕೆ. ಗಾಳಿ ಆಡುವುದಿಲ್ಲ. ಕೂತ ಹತ್ತು ನಿಮಿಷಕ್ಕೆ ಬೆನ್ನ ಮೇಲೆ ಬೆವರು ಇಳಿಯುತ್ತದೆ. ಹೊರಗೆ ಯಾರೋ ಚಪ್ಪಲಿ ಹುಡುಕುವ ಸದ್ದೂ ಕೇಳುತ್ತದೆ. ಸಂಸ್ಕೃತದ ದೊಡ್ಡ ವಿದ್ವಾಂಸರಾದ ಕಾವ್ಯಕಂಠ ಗಣಪತಿ ಮುನಿಗಳು 1907ರ ನವೆಂಬರ್ 18ರಂದು ಹತ್ತಿ ಬಂದದ್ದು ಇಲ್ಲಿಗೇ. ಓದಬೇಕಾದ್ದೆಲ್ಲ ಓದಿದ್ದೇನೆ, ಮನಸಾರೆ ಜಪ ಮಾಡಿದ್ದೇನೆ, ಆದರೂ ತಪಸ್ಸು ಎಂದರೇನು ಅಂತ ತಿಳಿದಿಲ್ಲ ಎಂದು ಅಂಥ ವಿದ್ವಾಂಸರೇ ಕಾಲಿಗೆ ಬಿದ್ದು ಕೇಳಿದರು. ರಮಣರು ಮೊದಲು ಸುಮಾರು ಕಾಲು ಗಂಟೆ ಸುಮ್ಮನೆ ಅವರನ್ನೇ ನೋಡುತ್ತಿದ್ದರು. ಆಮೇಲೆ ಹೇಳಿದ್ದು ಎರಡೇ ಮಾತು: 'ನಾನು' ಎಂಬುದು ಎಲ್ಲಿಂದ ಏಳುತ್ತದೋ ನೋಡು, ಜಪದ ನಾದ ಎಲ್ಲಿಂದ ಹುಟ್ಟುತ್ತದೋ ನೋಡು. ನಿಮ್ಮ ಜಪ ವ್ಯರ್ಥವಾಯಿತು ಅಂತ ಅನ್ನಿಸಿದ್ದರೆ ಈ ಗುಹೆಯಲ್ಲಿ ಸ್ವಲ್ಪ ಜಾಸ್ತಿ ಹೊತ್ತು ಕೂರಿ. ಮುನಿಗಳ ಅಷ್ಟು ವರ್ಷದ ಜಪ ಇಲ್ಲದಿದ್ದರೆ ಆ ಎರಡು ಮಾತು ಅವರಿಗೆ ಅಷ್ಟು ಆಳಕ್ಕೆ ಇಳಿಯುತ್ತಿತ್ತಾ? ನನಗಂತೂ ಇಲ್ಲ ಅನ್ನಿಸುತ್ತದೆ.

ಸ್ಕಂದಾಶ್ರಮದಲ್ಲಿ ತಾಯಿ ಅಳಗಮ್ಮಾಳ್ ಅವರ ಕೋಣೆಯನ್ನು ತಪ್ಪದೆ ನೋಡಿ. ಬಹಳ ಜನ ಇಲ್ಲಿ ಕೆಳಗಿನ ಗೋಪುರಗಳ ಫೋಟೋ ತೆಗೆದು ಹೊರಟುಬಿಡುತ್ತಾರೆ. ಮಗನನ್ನು ಮನೆಗೆ ಕರೆದೊಯ್ಯಲು 1898ರಲ್ಲಿ ಬಂದಿದ್ದ ತಾಯಿ ಅತ್ತು ಅತ್ತು ಬರಿಗೈಯಲ್ಲಿ ಹಿಂತಿರುಗಿದ್ದರು. ಮಗನ ಜೊತೆಯಲ್ಲೇ ಇರಲು ಬಂದದ್ದು 1916ರಲ್ಲಿ. ಆಮೇಲೂ ಆರು ವರ್ಷ ಅಡುಗೆ ಮಾಡುತ್ತಾ, ಹಳೆಯ ಮಡಿ ಮೈಲಿಗೆ ಒಂದೊಂದಾಗಿ ಬಿಡುತ್ತಾ ಇದ್ದರು. 1922ರ ಮೇ 19ರಂದು ಕೊನೆಯ ಗಳಿಗೆಯವರೆಗೂ ಮಗನ ಕೈ ಅವರ ಎದೆಯ ಮೇಲಿತ್ತು. ಸ್ವಂತ ಮಗನೇ ಗುರುವಾಗಿದ್ದರೂ ತಾಯಿಗೆ ಅಷ್ಟು ಕಾಲ ಬೇಕಾಯಿತು. ಮಗನೂ ಅವಸರ ಪಡಿಸಲಿಲ್ಲ. ಕೆಳಗಿನ ರಮಣಾಶ್ರಮ ಬೆಳೆದದ್ದು ಆ ತಾಯಿಯ ಸಮಾಧಿಯ ಸುತ್ತಲೇ.

ಹತ್ತುವಾಗ ಕೈಯಲ್ಲಿ ತಿಂಡಿ ಪೊಟ್ಟಣ ಬೇಡ, ಕೋತಿಗಳಿವೆ. ನೀರು ಚೀಲದೊಳಗೆ ಇರಲಿ. ಬೆಳಿಗ್ಗೆಯೇ ಹತ್ತಿ, ಮಧ್ಯಾಹ್ನಕ್ಕೆ ಕಲ್ಲು ಕಾಯುತ್ತದೆ. ಸಂಜೆ ಎರಡೂ ಜಾಗ ಬೇಗ ಮುಚ್ಚುತ್ತಾರೆ.

ಆಶ್ರಮದ ಹಳೆಯ ಹಾಲ್ ಚಿಕ್ಕದು. ರಮಣರ ಮಂಚ ಅಲ್ಲೇ ಇದೆ. ಬಂದವರು ನೆಲದ ಮೇಲೆ ಕೂರುತ್ತಾರೆ. ಇಲ್ಲಿ ಏನಾಗುತ್ತದೆ ಅಂತ ನೇರವಾಗಿ ಹೇಳಿಬಿಡುತ್ತೇನೆ. ಮೊದಲ ಐದು ನಿಮಿಷ ಚೆನ್ನಾಗಿರುತ್ತದೆ. ಆಮೇಲೆ ಮೊಣಕಾಲು ನೋಯುತ್ತದೆ. ಪಕ್ಕದವರು ಅಲ್ಲಾಡದೆ ಕೂತಿರುವುದು ಕಾಣುತ್ತದೆ. ಅವರಿಗೆ ಆಗುತ್ತಿರುವುದು ನಮಗ್ಯಾಕೆ ಆಗುತ್ತಿಲ್ಲ ಅನ್ನುವ ಯೋಚನೆ ಬರುತ್ತದೆ. ಹೊರಗೆ ನವಿಲು ಕೂಗುತ್ತದೆ, ಮನಸ್ಸು ಅದರ ಹಿಂದೆ ಓಡುತ್ತದೆ. ಎದ್ದು ಬರಬೇಡಿ. ನೋವಿದ್ದರೆ ಕಾಲು ಬದಲಿಸಿ, ಗೋಡೆಗೆ ಒರಗಿ, ಆದರೆ ಕೂತಿರಿ. ಮರುದಿನ ಅದೇ ಹೊತ್ತಿಗೆ ಮತ್ತೆ ಹೋಗಿ. ಮೂರು ದಿನ ಬೇಕು ಅಂದದ್ದು ಇದಕ್ಕೇ. ಪಕ್ಕದವರನ್ನು ನೋಡುವುದು ತಾನಾಗಿ ಕಡಿಮೆಯಾಗುತ್ತದೆ. ಬೇರೇನೂ ಆಗದೇ ಇರಬಹುದು. ಇಷ್ಟಾದರೂ ಅದು ಬೆಳವಣಿಗೆಯೇ ಅಂತ ನಾನು ನಂಬುತ್ತೇನೆ.

ಗಿರಿ ಪ್ರದಕ್ಷಿಣೆಯನ್ನು ಕೊನೆಯ ದಿನಕ್ಕೆ ಇಟ್ಟುಕೊಳ್ಳಿ. ದಾರಿ 14 ಕಿಲೋಮೀಟರ್, ಬರಿಗಾಲಲ್ಲಿ. ಬೆಳಗಿನ ಜಾವ ಮೂರಕ್ಕೆ ಹೊರಟರೆ ಬಿಸಿಲೇರುವ ಮೊದಲು ಮುಗಿಯುತ್ತದೆ. ಹೊತ್ತೇರಿದರೆ ಟಾರು ರಸ್ತೆ ಅಂಗಾಲು ಸುಡುತ್ತದೆ. ತುಂಬು ಗರ್ಭಿಣಿ ರಾಣಿಯ ಹಾಗೆ ನಡೆಯಬೇಕು ಅಂತ ರಮಣರು ಹೇಳುತ್ತಿದ್ದರಂತೆ. ಒಂದು ಕಿಲೋಮೀಟರ್ ಹಾಗೆ ನಡೆದು ನೋಡಿ, ಎಷ್ಟು ಕಷ್ಟ ಅಂತ ಗೊತ್ತಾಗುತ್ತದೆ. ಕಾಲು ತಾನೇ ಓಡುತ್ತದೆ. ಇಂದ್ರ ಲಿಂಗದಿಂದ ಈಶಾನ್ಯ ಲಿಂಗದವರೆಗೆ ದಾರಿಯಲ್ಲಿ ಎಂಟು ಲಿಂಗಗಳಿವೆ. ಪ್ರತಿಯೊಂದರ ಬಳಿಯೂ ಎರಡು ನಿಮಿಷ ನಿಂತರೆ ಓಟ ತಗ್ಗುತ್ತದೆ. ಗಡಿಯಾರ, ಹೆಜ್ಜೆ ಎಣಿಸುವ ಆ್ಯಪ್ ಎರಡನ್ನೂ ಕೋಣೆಯಲ್ಲೇ ಬಿಡಿ. ಪಶ್ಚಿಮಕ್ಕಿರುವ ಆದಿ ಅಣ್ಣಾಮಲೈ ಗುಡಿಯ ಹತ್ತಿರ ಕೂತು ಬೆಟ್ಟ ನೋಡಿ. ಊರಿನ ಕಡೆಯಿಂದ ಕಂಡ ಬೆಟ್ಟ ಇದೇನಾ ಅನ್ನಿಸುವಷ್ಟು ಆಕಾರ ಬದಲಾಗಿರುತ್ತದೆ.

ಹಿಂತಿರುಗಿದ ಮೇಲೆ ಉತ್ಸಾಹದಲ್ಲಿ ಧ್ಯಾನದ ಹೊತ್ತನ್ನು ಒಮ್ಮೆಲೇ ಎರಡು ಪಟ್ಟು ಮಾಡಬೇಡಿ. ಮೊದಲು ಎಷ್ಟು ಕೂರುತ್ತಿದ್ದಿರೋ ಅಷ್ಟೇ ಕೂರಿ, ದಿನ ಮಾತ್ರ ತಪ್ಪಿಸಬೇಡಿ. ಮತ್ತೆ ಹೋಗಬೇಕು ಅನ್ನಿಸಿದರೆ ಡಿಸೆಂಬರ್ ಕೊನೆಯಿಂದ ಫೆಬ್ರವರಿವರೆಗೆ ಹವೆ ತಂಪು. ಏಪ್ರಿಲ್, ಮೇ ತಿಂಗಳಲ್ಲಿ ಬರಿಗಾಲಲ್ಲಿ ನಡೆಯುವುದು ಬಹಳ ಕಷ್ಟ.