ಪ್ರದಾನವೋ ಪ್ರಧಾನವೋ

ಟೈಪಿಂಗ್ ಬಂದರೆ ಪ್ರೂಫ್ ನೋಡುವುದೂ, ಅಂದರೆ ಅಚ್ಚಿಗೆ ಹೋಗುವ ಮೊದಲು ತಪ್ಪು ಹುಡುಕಿ ತಿದ್ದುವುದೂ, ತಾನಾಗಿ ಬರುತ್ತದೆ ಅಂತ ತುಂಬಾ ದಿನ ನಂಬಿದ್ದೆ. ಆ ನಂಬಿಕೆ ಹೋಗಿದ್ದು ಒಂದು ಆಮಂತ್ರಣ ಪತ್ರಿಕೆಯಿಂದ. ಒಳಗಿನ ಹೆಸರು, ತಾರೀಖು, ಸಮಯ ಎಲ್ಲವನ್ನೂ ಮೂರು ಸಲ ನೋಡಿದ್ದೆ. ಮೇಲೆ ದಪ್ಪ ಅಕ್ಷರದಲ್ಲಿ ‘ಪ್ರಶಸ್ತಿ ಪ್ರಧಾನ ಸಮಾರಂಭ’ ಅಂತಿತ್ತು. ಕೊಡುವುದು ಪ್ರದಾನ, ಮುಖ್ಯವಾದದ್ದು ಪ್ರಧಾನ. ಎರಡೂ ಇರುವ ಪದಗಳೇ, ಹಾಗಾಗಿ ಸ್ಪೆಲ್‌ಚೆಕ್ ಕೆಂಪು ಗೆರೆ ಎಳೆದಿರಲಿಲ್ಲ. ಅಷ್ಟು ದೊಡ್ಡ ಅಕ್ಷರದಲ್ಲಿ ತಪ್ಪೇನಿರುತ್ತದೆ ಅಂತ ನನ್ನ ಕಣ್ಣೂ ದಾಟಿಹೋಗಿತ್ತು. ಕಂಡಿದ್ದು ಅಚ್ಚಾಗಿ ಬಂದ ಮೇಲೆ. ಅವತ್ತು ರಾತ್ರಿ ನಿದ್ದೆ ಬರಲಿಲ್ಲ.

ಆಮೇಲೆ ನನಗೆ ಈ ಕೆಲಸ ಕಲಿಸಿದ್ದು ಜೊತೆಗಿದ್ದ ಹಿರಿಯ ಮೇಡಂ. ನಾನು ಪ್ರೂಫ್ ನೋಡುವುದನ್ನು ಸ್ವಲ್ಪ ಹೊತ್ತು ಗಮನಿಸಿ, ‘ನೀನು ಓದ್ತಾ ಇದೀಯಮ್ಮ. ಓದಬೇಡ, ನೋಡು’ ಅಂದರು.

ಓದುವಾಗ ಮನಸ್ಸು ಮುಂದಿನ ಪದವನ್ನು ಊಹಿಸಿಕೊಂಡು ಓಡುತ್ತದೆ. ‘ಮಾಡಲಗಿದೆ’ ಅಂತಿದ್ದರೂ ‘ಮಾಡಲಾಗಿದೆ’ ಅಂತಲೇ ಕಾಣುತ್ತದೆ. ನಾವೇ ಟೈಪ್ ಮಾಡಿದ್ದರಲ್ಲಿ ಇದು ಇನ್ನೂ ಜಾಸ್ತಿ. ಏನು ಬರೆಯಬೇಕಿತ್ತು ಅನ್ನೋದು ಮೊದಲೇ ತಲೆಯಲ್ಲಿ ಕೂತಿರುತ್ತದಲ್ವಾ. ಅದಕ್ಕೇ ಅವರು ಪ್ರಿಂಟ್ ತೆಗೆಸಿ, ಸಾಲಿನ ಕೆಳಗೆ ಒಂದು ಕಾಗದದ ಪಟ್ಟಿ ಇಡಿಸಿ, ಪುಟದ ಕೊನೆಯ ಸಾಲಿನಿಂದ ಮೇಲಕ್ಕೆ ನೋಡಿಸಿದರು. ಅರ್ಥದ ಎಳೆ ಕಡಿದುಹೋಗುತ್ತದೆ, ಅಕ್ಷರ ಮಾತ್ರ ಉಳಿಯುತ್ತದೆ. ದೀರ್ಘ ಬಿಟ್ಟಿದ್ದು, ಒತ್ತು ತಪ್ಪಿದ್ದು, ‘ವಿಶಿಷ್ಟ’ದಲ್ಲಿ ಟ ಹೋಗಿ ಠ ಕೂತಿದ್ದು ಆಗ ಎದ್ದು ಕಾಣುತ್ತವೆ. ಮೊದಲ ದಿನ ಒಂದೇ ಪುಟದಲ್ಲಿ 11 ತಪ್ಪು ಸಿಕ್ಕವು. ಅದೇ ಪುಟವನ್ನು ನಾನು ‘ಸರಿ ಇದೆ’ ಅಂತ ಕೊಟ್ಟಿದ್ದೆ.

ಕೆಲವು ತಪ್ಪು ಕಣ್ಣಿಗೆ ಕಾಣುವುದೇ ಇಲ್ಲ. ‘ಸಂಘ’ ಅಂತ ಹುಡುಕಿದರೆ ಕಡತದಲ್ಲಿ ಎರಡೇ ಕಡೆ ಸಿಗುತ್ತಿತ್ತು, ಆದರೆ ಪುಟದ ತುಂಬ ಆ ಪದ ಕಾಣುತ್ತಿತ್ತು. ನೋಡಿದರೆ, ಟೈಪ್ ಮಾಡಿದವರು ಅನುಸ್ವಾರದ ಬದಲು ಕನ್ನಡ ಅಂಕಿಯ ಸೊನ್ನೆ ಒತ್ತಿದ್ದರು. ನಮಗೆ ಎರಡೂ ಒಂದೇ ಬಳೆ. ಕಂಪ್ಯೂಟರಿಗೆ ಮಾತ್ರ ಒಂದು ಅಕ್ಷರದ ಗುರುತು, ಇನ್ನೊಂದು ಅಂಕಿ. ಈಗ ಯಾವ ಕಡತ ಬಂದರೂ ಮೊದಲು ಆ ಸೊನ್ನೆಯನ್ನು ಹುಡುಕುತ್ತೇನೆ.

ಒಟ್ಟಿಗೇ ಬದಲಿಸುವ ರಿಪ್ಲೇಸ್ ಆಲ್ ಅಂದರೆ ಮಾತ್ರ ಈಗಲೂ ಭಯ. ಒಂದು ಕಥೆಯಲ್ಲಿ ರಾಮನ ಹೆಸರನ್ನು ಸೋಮ ಅಂತ ಮಾಡಬೇಕಿತ್ತು. ಒಂದೇ ಸಲ ಒತ್ತಿದೆ. ‘ಆರಾಮವಾಗಿ’ ಹೋಗಿ ‘ಆಸೋಮವಾಗಿ’ ಆಯಿತು, ‘ವಿರಾಮ’ ‘ವಿಸೋಮ’ ಆಯಿತು. ಪೂರ್ತಿ ಕಥೆಯನ್ನು ಮತ್ತೆ ಮೊದಲಿಂದ ನೋಡಬೇಕಾಯಿತು. ಈಗ ಎಷ್ಟೇ ಹೊತ್ತಾದರೂ ಒಂದೊಂದಾಗಿಯೇ ಬದಲಿಸುತ್ತೇನೆ.

ಅಂಕಿಗಳಿಗೆ ಇಬ್ಬರು ಬೇಕು. ಒಬ್ಬರು ಮೂಲವನ್ನು ಜೋರಾಗಿ ಓದಬೇಕು, ಇನ್ನೊಬ್ಬರು ಟೈಪ್ ಆದ ಪ್ರತಿಯ ಮೇಲೆ ಬೆರಳಿಟ್ಟು ಹೋಗಬೇಕು. 1968 ಹೋಗಿ 1986 ಆದರೆ ಯಾವ ವ್ಯಾಕರಣವೂ ಅದನ್ನು ಹಿಡಿಯುವುದಿಲ್ಲ.

ಇಷ್ಟೆಲ್ಲ ರೂಢಿಯಾದ ಮೇಲೆ ಕಷ್ಟ ಅನಿಸಿದ್ದು ಬೇರೆಯೇ. ತಪ್ಪು ಹುಡುಕುವ ಚಟ ಹತ್ತಿತ್ತು, ತಪ್ಪಲ್ಲದ್ದನ್ನೂ ತಿದ್ದತೊಡಗಿದ್ದೆ. ಒಬ್ಬರ ಬರಹದಲ್ಲಿ ‘ಮಳೆ ಬಂತು. ಬಂತೇ ಬಂತು’ ಅಂತಿತ್ತು. ಒಂದೇ ಪದ ಮೂರು ಸಲ ಬಂದಿದೆ ಅಂತ ಹೊಡೆದುಹಾಕಿ ‘ಬಹಳ ಮಳೆ ಬಂತು’ ಅಂತ ಬರೆದೆ. ಮೇಡಂ ಎರಡನ್ನೂ ಬಾಯಿಬಿಟ್ಟು ಓದಿದರು. ಮೊದಲನೆಯದರಲ್ಲಿ ಮಳೆ ನಿಲ್ಲುತ್ತಲೇ ಇರಲಿಲ್ಲ. ನನ್ನದರಲ್ಲಿ ಬಂದು ಹೋಗಿತ್ತು. ಅವರು ನಾನು ಹೊಡೆದ ಸಾಲಿನ ಕೆಳಗೆ ಚುಕ್ಕಿ ಚುಕ್ಕಿ ಇಟ್ಟು, ಅಂಚಿನಲ್ಲಿ ‘ಇರಲಿ’ ಅಂತ ಬರೆದರು. ಅಳಿಸಿದ್ದನ್ನು ಹಾಗೇ ಉಳಿಸಿ ಅನ್ನುವುದಕ್ಕೆ ಪ್ರೂಫಿನಲ್ಲಿ ಇರುವ ಗುರುತು ಅದು.

ಈಗ ಹೆಚ್ಚಿನ ಕೆಲಸ ಪರದೆಯ ಮೇಲೇ ನಡೆಯುತ್ತದೆ, ಮಾಡಿದ ತಿದ್ದುಪಡಿಗಳೆಲ್ಲ ಗುರುತಾಗಿ ಕಾಣುವ ಟ್ರ್ಯಾಕ್ ಚೇಂಜಸ್ ಹಾಕಿಕೊಂಡು. ಮುಗಿದ ಮೇಲೆ ನಾನು ಮಾಡಿದ ತಿದ್ದುಪಡಿಗಳನ್ನೇ ಇನ್ನೊಂದು ಸಲ ಜೋರಾಗಿ ಓದಿ ನೋಡುತ್ತೇನೆ. ನಿನ್ನೆ ಕಳಿಸಿದ ಕಡತದಲ್ಲಿ ಹಾಗೆ ಆರು ಕಡೆ ಬರೆದವರ ಮಾತನ್ನೇ ವಾಪಸ್ ತಂದೆ.