ಸದ್ದಿಲ್ಲದ ಲಗೋರಿ

ದಾವಣಗೆರೆಗೆ ಕರ್ನಾಟಕದ ಮ್ಯಾಂಚೆಸ್ಟರ್ ಅನ್ನೋ ಹೆಸರು ಇನ್ನೂ ಉಳಿದಿದ್ದ ಕಾಲ. ಅಪ್ಪ ಹತ್ತಿ ಮಿಲ್ಲಿನ ರಿಂಗ್ ಫ್ರೇಮ್, ಅಂದರೆ ನೂಲು ತೆಗೆಯೋ ಮಷೀನುಗಳ ಖಾತೆಯಲ್ಲಿದ್ದ. ನಮ್ಮದು ಮಿಲ್ ಕ್ವಾರ್ಟರ್ಸ್‌ನ ಸಾಲುಮನೆ. ನಮ್ಮವ್ವ ಬೆಳಗಿನ ರೊಟ್ಟಿ ಬಡಿಯೋ ಹೊತ್ತಿಗೆ ಪಕ್ಕದ ಮನೆಯವರು ರಾತ್ರಿ ಪಾಳಿ ಮುಗಿಸಿ ಬಂದು ಮಲಗುತ್ತಿದ್ದರು.

"ಮಾವ ಈಗ ಮಲಗ್ಯಾರೆ, ಗದ್ಲ ಮಾಡಬ್ಯಾಡ್ರಪ್ಪ" ಅಂತ ಆ ಮನೆಯ ಅತ್ತೆ ಬಾಗಿಲಿಗೆ ಬಂದು ಹೇಳೋರು. ಬೈಗುಳ ಇರುತ್ತಿರಲಿಲ್ಲ. ಹಾಗಾಗಿ ನಾವು ಸದ್ದಿಲ್ಲದೆ ಲಗೋರಿ ಆಡೋದು ಕಲಿತೆವು. ವೇಸ್ಟ್ ನೂಲು ಸುತ್ತಿ ಮಾಡಿದ ಚೆಂಡು, ಬಿಲ್ಲೆಗಳ ಕೆಳಗೆ ಹಳೇ ಗೋಣಿಚೀಲ. ಮಾತಿಗೆ ಮಿಲ್ಲಿನ ಕೈಸನ್ನೆ. ಮಷೀನುಗಳ ಅಬ್ಬರದಲ್ಲಿ ಒಬ್ಬರ ಮಾತು ಒಬ್ಬರಿಗೆ ಕೇಳೋದಿಲ್ಲ ಅಂತ ಅಪ್ಪಂದಿರು ಕೈಯಲ್ಲೇ ಮಾತಾಡುತ್ತಿದ್ದರು. ಮೀಸೆ ತಿರುವಿದರೆ ಮೇಸ್ತ್ರಿ ಬಂದ ಅಂತ. ನಮ್ಮ ಆಟದಲ್ಲಿ ಅದೇ ಸನ್ನೆಗೆ "ಯಾರದೋ ಅಪ್ಪ ಬಂದ, ಓಡ್ರಿ" ಅಂತ ಅರ್ಥ.

ಒಂದು ಬಟವಾಡೆ ದಿನ ಸಂಜೆ ಅಪ್ಪ ನನ್ನನ್ನು ಕಟ್ಟೆ ಮೇಲೆ ಕೂರಿಸಿಕೊಂಡು, ಕಡಿದ ಎಳೆ ಕೂಡಿಸೋದು ತೋರಿಸಿಕೊಟ್ಟ. ಎರಡು ತುದಿ ಒಂದರ ಮೇಲೊಂದು ಇಟ್ಟು ಹೆಬ್ಬೆರಳು, ತೋರುಬೆರಳ ನಡುವೆ ಒಂದೇ ಹೊಸಕು. ಎಲ್ಲಿ ಕಡಿದಿತ್ತೋ ಗೊತ್ತೇ ಆಗಲಿಲ್ಲ. ನಾನು ಹೊಸಕಿದ್ದು ಎಳೆದ ಕೂಡಲೇ ಬಿಟ್ಟುಕೊಂಡಿತು. ನೂಲು ಕಡಿಯಬಾರದು ಅಂತ ಖಾತೆಯೊಳಗೆ ಗಾಳಿಗೆ ನೀರಿನ ಪಸೆ ಬಿಡುತ್ತಾರೆ, ಆ ಸೆಕೆಯಲ್ಲಿ ಪಾಳಿಯುದ್ದಕ್ಕೂ ನಿಂತೇ ಇರಬೇಕು ಅಂತ ಅವತ್ತೇ ನನಗೆ ತಿಳಿದದ್ದು. ಅಪ್ಪನ ಕಿವಿಯ ಕೂದಲಿಗೂ ಹತ್ತಿಯ ಎಳೆ ಮೆತ್ತಿತ್ತು. ಅವ್ವ ಮಂಡಕ್ಕಿ, ಮೆಣಸಿನಕಾಯಿ ತಂದಿಟ್ಟಳು. ಪಕ್ಕದ ಮನೆಗೂ ಒಂದು ಮೊರ ಹೋಯಿತು. ಅವರ ಬಟವಾಡೆಗೂ ನಮಗೆ ಹಾಗೇ ಬರುತ್ತಿತ್ತು.

ಕಾರ್ಮಿಕರ ನಾಯಕ ಪಂಪಾಪತಿ ಅವರನ್ನು ಊರು 1978, 1983, 1985ರಲ್ಲಿ ವಿಧಾನಸಭೆಗೆ ಕಳಿಸಿತ್ತು. ಅವರ ಹೆಸರು ಹೇಳುವಾಗ ಅಪ್ಪನ ದನಿ ಇನ್ನಷ್ಟು ಏರುತ್ತಿತ್ತು. ಮಿಲ್ಲಿನವರ ದನಿಯೇ ದೊಡ್ಡದು. ಹೊರಗಿನವರು ಅದನ್ನು ಒರಟುತನ ಅಂದುಕೊಂಡಾಗ ನನಗೆ ಈಗಲೂ ಬೇಸರವಾಗುತ್ತೆ.

ಆಮೇಲೆ ಮಿಲ್ ಮುಚ್ಚಿತು, ಸಾಲು ಖಾಲಿಯಾಯಿತು. ಎರಡು ವರ್ಷಕ್ಕೊಮ್ಮೆ ದುರ್ಗಾಂಬಿಕಾ ದೇವಿ ಜಾತ್ರೆಗೆ ಆ ಸಾಲಿನ ಹುಡುಗರೆಲ್ಲ ಸೇರುತ್ತೇವೆ. ಡೊಳ್ಳಿನ ಅಬ್ಬರದಲ್ಲಿ ನಮ್ಮದೆಲ್ಲ ಕೈಸನ್ನೆಯ ಮಾತು. ಮಕ್ಕಳು ಒಂದೊಂದೇ ಸನ್ನೆ ಕೇಳಿ ಕಲಿಯುತ್ತಿದ್ದಾರೆ. ಮೇಸ್ತ್ರಿಯ ಮೀಸೆ ಅವರಿಗೆ ಆಗಲೇ ಬಂದಿದೆ.